ತುತ್ತದ ನೀರು, ಮಳೆಯ ಲೆಕ್ಕ ಮತ್ತು ನಮ್ಮ ಶಾಲೆ

(ಶಿಕ್ಷಕರು, ಪಾಲಕರು ಹಾಗೂ ಬಳಗದ ಸದಸ್ಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ತರಗತಿಯ ಹೊರಗಿನ ಕಲಿಕೆಯ ಮಹತ್ತ್ವವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು. ನಾನು ಶಿಕ್ಷಣತಜ್ಞನಲ್ಲ, ಬೆಳೆ, ಮಣ್ಣು, ಬೆಳೆಯ ರೋಗ ಇವು ನನ್ನ ಅಭ್ಯಾಸದ ಕ್ಷೇತ್ರ. ಆದುದರಿಂದ ತತ್ತ್ವದಿಂದ ಆರಂಭಿಸುವ ಬದಲು ನಮ್ಮೆಲ್ಲರ ಮನೆಯ ಅಟ್ಟದಲ್ಲಿಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಇರುವ ಒಂದು ಪದಾರ್ಥದಿಂದ ಆರಂಭಿಸುತ್ತೇನೆ. ಅದು ಮೈಲುತುತ್ತ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಒಂದು ಚಟುವಟಿಕೆ ಇದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಮುಳುಗಿಸಿದರೆ ಮೊಳೆಯ ಮೇಲೆ ಕಂದುಗೆಂಪು ಲೇಪ ಕೂರುತ್ತದೆ. ನೀಲಿ ದ್ರಾವಣದ ಬಣ್ಣ ಮಾಸುತ್ತದೆ. ಇದು ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದುದರಿಂದ ಅದರ ಸ್ಥಾನವನ್ನು ತಾನು ಆಕ್ರಮಿಸುತ್ತದೆ. ಸಮೀಕರಣವನ್ನು ಬರೆದರೆ ಅಂಕ ಸಿಗುತ್ತದೆ. ನಮ್ಮ ಮಕ್ಕಳು ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ.

ಅದೇ ಮಗುವಿನ ಮನೆಯಲ್ಲಿ ಮೇ ಕೊನೆಯ ವಾರ ಅಡಕೆಗೆ ಔಷಧಿ ಹೊಡೆಯುವ ಸಂಭ್ರಮ. ಒಂದು ಕಿಲೋ ತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸುತ್ತಾರೆ. ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣವನ್ನು ಐವತ್ತು ಲೀಟರ್ ನೀರಿನಲ್ಲಿ ಕದಡುತ್ತಾರೆ. ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಹೊಯ್ಯುತ್ತ ಕಲಕುತ್ತಾರೆ. ಶೇಕಡಾ ಒಂದರ ಬೋರ್ಡೋ ದ್ರಾವಣ ಸಿದ್ಧವಾಯಿತು. ಆದರೆ ಅನುಭವಸ್ಥರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. ತುಕ್ಕಿಲ್ಲದಂತೆ ತಿಕ್ಕಿದ ಕತ್ತಿಯ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಮುಳುಗಿಸಿ ತೆಗೆದು ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಹಾಗೆಯೇ ಬಿಟ್ಟು ಹೊಡೆದರೆ ಬಿಡಿ ತಾಮ್ರ ಎಳೆಯ ಕಾಯಿಯನ್ನೂ ಹಿಂಗಾರವನ್ನೂ ಸುಡುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಈ ಔಷಧಿಯನ್ನು ಕೂಡಿಸಬಾರದು ಎಂದು ಅಜ್ಜಂದಿರು ಹೇಳುತ್ತಿದ್ದುದರ ಕಾರಣವೂ ಇದೇ.

ಕತ್ತಿಯ ಕೆಂಪು ಮತ್ತು ಮೊಳೆಯ ಕೆಂಪು ಎರಡೂ ಒಂದೇ. ತುತ್ತವೆಂದರೆ ತಾಮ್ರದ ಸಲ್ಫೇಟ್. ಈ ಒಂದು ವಾಕ್ಯವನ್ನು ಶಾಲೆಯಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಪುಸ್ತಕದಲ್ಲಿ ತೋಟ ಇಲ್ಲ. ಮನೆಯಲ್ಲಿಯೂ ಯಾರೂ ಹೇಳುವುದಿಲ್ಲ, ಏಕೆಂದರೆ ತೋಟದಲ್ಲಿ ಪುಸ್ತಕ ಇಲ್ಲ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಬೋರ್ಡೋ ದ್ರಾವಣದ ಪ್ರಮಾಣವನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಕತ್ತಿಯನ್ನು ಕೈಗೆ ಕೊಟ್ಟರೆ ಅದನ್ನು ಏನು ಮಾಡಬೇಕೆಂದು ಕೊನೆಗೌಡನ ಮುಖ ನೋಡುತ್ತಾರೆ. ಇದು ಆ ಹುಡುಗರ ತಪ್ಪು ಎಂದು ನಾನು ಭಾವಿಸುವುದಿಲ್ಲ. ಹದಿನೈದು ವರ್ಷ ಅವರಿಗೆ ವಿದ್ಯೆ ಮತ್ತು ಕೆಲಸ ಬೇರೆ ಬೇರೆ ಎಂದು ಕಲಿಸಿದವರು ನಾವೇ ತಾನೆ?

ಈ ದ್ರಾವಣದ ಚರಿತ್ರೆಯೇ ಒಂದು ಪಾಠ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಗೆ ಬೂಜುರೋಗ ಬಂದು ತೋಟಗಳು ಹಾಳಾಗುತ್ತಿದ್ದ ಕಾಲ. 1882ರಲ್ಲಿ ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ರಸ್ತೆಯ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಗಮನಿಸಿದರು. ದಾರಿಹೋಕರು ಹಣ್ಣು ಕದಿಯದಿರಲೆಂದು ರೈತರು ಆ ಸಾಲುಗಳಿಗೆ ತುತ್ತ ಮತ್ತು ಸುಣ್ಣವನ್ನು ಎರಚಿದ್ದರು; ನೋಡುವುದಕ್ಕೆ ವಿಷದಂತೆ ಕಾಣಲಿ ಎಂಬುದಷ್ಟೇ ಅವರ ಉದ್ದೇಶ. ಮಿಲಾರ್ಡೆ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರ ಭಯದಿಂದ ಹುಟ್ಟಿದ ಔಷಧಿ ನಮ್ಮ ಮಲೆನಾಡಿಗೆ ಬಂದುದು ಇನ್ನೊಬ್ಬ ಹೊರಗಿನವರ ಮೂಲಕ. ಕೆನಡಾ ಮೂಲದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಅಡಕೆಯ ಕೊಳೆರೋಗವನ್ನು ಮಲೆನಾಡಿನ ತೋಟಗಳಲ್ಲಿಯೇ ಅಭ್ಯಾಸ ಮಾಡಿದರು. 1910ರಲ್ಲಿ ಅವರ ವರದಿ ಪ್ರಕಟವಾಯಿತು. ಅದಕ್ಕೆ ಮೊದಲು ನಮ್ಮವರು ಕೊನೆಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. ರೋಗಕ್ಕೂ ನೀರಿಗೂ ಇರುವ ಸಂಬಂಧವನ್ನು ಅವರು ಸೂಕ್ಷ್ಮದರ್ಶಕವಿಲ್ಲದೆ ಗ್ರಹಿಸಿದ್ದರು. ಕೋಲ್‌ಮನ್ನರು ತಮ್ಮ ವರದಿಗೆ ರೋಗದ ಕನ್ನಡ ಹೆಸರನ್ನೇ ಉಳಿಸಿಕೊಂಡರು. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕಂತೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಕೊಳೆರೋಗ’ ಎಂಬ ಪದ ಸೇರಿದ ಲ್ಯಾಟಿನ್ ಹೆಸರು ಬಿದ್ದಿತ್ತು. ನಮ್ಮ ಮಾತು ಅಂತರರಾಷ್ಟ್ರೀಯ ಸಸ್ಯರೋಗಶಾಸ್ತ್ರದಲ್ಲಿ ಸೇರಿಹೋಗಿದೆ, ನಮ್ಮ ಶಾಲೆಯ ಪಾಠದಲ್ಲಿ ಮಾತ್ರ ಇಲ್ಲ.

ಕೈಯಿಂದ ಕಲಿಯುವುದನ್ನು ಕುರಿತು ನಮ್ಮ ದೇಶದಲ್ಲಿ ಮಾತಿಗೆ ಬರವಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ನಯೀ ತಾಲೀಮ್ ಮುಂದಿಟ್ಟರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಕಸುಬಿನ ಮೂಲಕ ಗಣಿತ, ಭೂಗೋಳ, ಭಾಷೆ ಎಲ್ಲವನ್ನೂ ಕಲಿಸಬೇಕು ಎಂಬುದು ಅದರ ತಿರುಳು. ಕ್ರಮೇಣ ಆದುದೇನು? ನೂಲುವುದು ವೇಳಾಪಟ್ಟಿಯ ಒಂದು ತಾಸಾಗಿ ಉಳಿಯಿತು. ಉಳಿದ ತಾಸುಗಳು ಹಳೆಯ ದಾರಿಯಲ್ಲಿಯೇ ನಡೆದವು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ತಮ್ಮದೇ ರೀತಿಯಲ್ಲಿ ನಡೆಸಿದರು. 1993ರ ಯಶಪಾಲ್ ಸಮಿತಿ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲವೂ ಶಾಲೆಯ ಹೊರಗಿನ ಬದುಕಿನೊಡನೆ ಕಲಿಕೆಯನ್ನು ಜೋಡಿಸಬೇಕೆನ್ನುತ್ತವೆ. ಕೊನೆಯದರಲ್ಲಿ ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಚೀಲವಿಲ್ಲದೆ ಕಲಿಯುವ ಪ್ರಸ್ತಾಪವಿದೆ. ಹತ್ತು ದಿನ ಒಳ್ಳೆಯದೇ. ಆದರೆ ಅಡಕೆಯ ಸಿಂಗಾರ ಬಿಚ್ಚಿ ಹಣ್ಣಾಗುವುದಕ್ಕೆ ಹತ್ತು ದಿನ ಸಾಲದು.

ಈ ಎಲ್ಲ ಕಾಗದಗಳಿಗಿಂತ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಮಧ್ಯಪ್ರದೇಶದ ಒಂದು ಕೆಲಸ. ಇಂದು ನರ್ಮದಾಪುರಂ ಎಂದು ಕರೆಯಲಾಗುವ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹದಿನಾರು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕಾರ್ಯಕ್ರಮ ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ದೊಡ್ಡ ಸಂಶೋಧನಾಲಯಗಳ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರೊಡನೆ ಕುಳಿತು ಪಾಠ ಬರೆದರು. ಅಗ್ಗದ ಸಾಮಾನುಗಳ ಒಂದು ಪೆಟ್ಟಿಗೆ, ಹೊಲಕ್ಕೆ ಹೋಗಿ ಬರುವ ಪಾಠ, ಮಕ್ಕಳು ತಾವೇ ಬರೆದುಕೊಳ್ಳುವ ಉತ್ತರ. ಇದೆಲ್ಲ ಇತರೆಡೆಯೂ ನಡೆದದ್ದುಂಟು. ಹೋಶಂಗಾಬಾದಿನವರ ನಿಜವಾದ ಧೈರ್ಯ ಬೇರೆಯದು: ಅವರು ಪರೀಕ್ಷೆಯನ್ನೇ ಬದಲಿಸಿದರು. ಎಂಟನೆಯ ತರಗತಿಯ ವಿಜ್ಞಾನ ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕವನ್ನೂ ತಮ್ಮ ಟಿಪ್ಪಣಿಯನ್ನೂ ತೆರೆದಿಟ್ಟುಕೊಂಡು ಉತ್ತರಿಸಬಹುದಾಗಿತ್ತು. ಅದರೊಡನೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಕಂಠಪಾಠಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಇಂತಹ ಕೆಲಸ ಸರ್ಕಾರಿ ಶಾಲೆಯಲ್ಲಿ ಸಾಧ್ಯವಿಲ್ಲ ಎನ್ನುವವರಿಗೆ ಆ ಮೂವತ್ತು ವರ್ಷಗಳನ್ನು ತೋರಿಸುತ್ತೇನೆ. ಒಮ್ಮೆ ಆರಂಭಿಸಿದರೆ ತಾನಾಗಿ ನಡೆಯುತ್ತದೆ ಎನ್ನುವವರಿಗೆ 2002ನ್ನು ತೋರಿಸುತ್ತೇನೆ.

ರೈತರ ಕಡೆಗೆ ಬಂದರೆ ಇಂಡೋನೇಷ್ಯಾದ ಕ್ಷೇತ್ರಪಾಠಶಾಲೆಗಳನ್ನು ನೆನೆಯಬೇಕು. ಅಲ್ಲಿ ಬತ್ತಕ್ಕೆ ಕಂದು ಜಿಗಿಹುಳುವಿನ ಹಾವಳಿ ಬಂದಾಗ ಕೀಟನಾಶಕ ಹೆಚ್ಚಿದಷ್ಟೂ ಹುಳು ಹೆಚ್ಚಿತು. 1986ರಲ್ಲಿ ಸರ್ಕಾರ 57 ಕೀಟನಾಶಕಗಳನ್ನು ಬತ್ತದ ಗದ್ದೆಯಿಂದ ನಿಷೇಧಿಸಿತು. ಆದರೆ ನಿಷೇಧದಿಂದ ರೈತನಿಗೆ ತಿಳಿವಳಿಕೆ ಬರುವುದಿಲ್ಲ. 1989ರಿಂದ ರೈತರು ಇಡೀ ಹಂಗಾಮು ವಾರಕ್ಕೊಮ್ಮೆ ಗದ್ದೆಯಲ್ಲಿಯೇ ಸೇರತೊಡಗಿದರು. ಬುಡಗಳನ್ನು ಬಿಡಿಸಿ ಹುಳು ಎಣಿಸುವುದು, ಜೇಡ ಎಣಿಸುವುದು, ದೊಡ್ಡ ಹಾಳೆಯ ಮೇಲೆ ಚಿತ್ರ ಬಿಡಿಸಿ ಚರ್ಚಿಸುವುದು. ಜೇಡವನ್ನೂ ಜಿಗಿಹುಳುವನ್ನೂ ಒಂದೇ ಬಲೆಯೊಳಗೆ ಇಟ್ಟು ಯಾರು ಯಾರನ್ನು ತಿನ್ನುತ್ತಾರೆಂದು ಕಣ್ಣಾರೆ ನೋಡಿದರು. ಎಲೆ ತಿನ್ನುವ ಹುಳುವಿನ ಬದಲು ತಾವೇ ಕತ್ತರಿಯಿಂದ ಎಲೆ ಕತ್ತರಿಸಿ, ಎಷ್ಟು ಹೋದರೆ ಇಳುವರಿ ಕುಗ್ಗುತ್ತದೆ ಎಂದು ಪರೀಕ್ಷಿಸಿದರು. ನಾವು ವಿಜ್ಞಾನಿಗಳು ಭಾಷಣದಲ್ಲಿ ನೂರು ಸಲ ಹೇಳಿದರೂ ನಂಬದ ಸಂಗತಿಯನ್ನು ಒಂದು ಜೇಡ ಅರ್ಧ ದಿನದಲ್ಲಿ ನಂಬಿಸುತ್ತದೆ. ಈ ಮಾತನ್ನು ಭಾಷಣದಲ್ಲಿಯೇ ಹೇಳುತ್ತಿದ್ದೇನೆ, ಕ್ಷಮಿಸಬೇಕು.

ಇನ್ನು ನಮ್ಮ ಊರಿನ ವಿಚಾರ. ಪ್ರತಿವರ್ಷ ಜೂನ್ 5ರಂದು ಶಾಲೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮ ನಡೆಯುತ್ತದೆ. ಅತಿಥಿಗಳು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಹಿಂದಿನ ವರ್ಷದ ಗುಂಡಿಯಲ್ಲಿಯೇ ಈ ವರ್ಷದ ಗಿಡ ಕೂರುವುದೂ ಉಂಟು. ಇದನ್ನು ಕೈಯಿಂದ ಕಲಿಯುವುದು ಎಂದು ಕರೆಯಲು ನಾನು ಸಿದ್ಧನಿಲ್ಲ. ಅದೇ ಗುಂಡಿಯ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಕುಲುಕಿ ಇಟ್ಟು, ಮರಳು ಕ್ಷಣದಲ್ಲಿ ತಳ ಸೇರುವುದನ್ನೂ, ಜೇಡಿ ಮರುದಿನದವರೆಗೆ ತೇಲುವುದನ್ನೂ ಮಗು ನೋಡಿದರೆ ಅದು ಕಲಿಕೆ. ತಳವಿಲ್ಲದ ಒಂದು ಡಬ್ಬಿಯನ್ನು ಆಟದ ಬಯಲಿನಲ್ಲಿ ಊರಿ ಒಂದು ತಂಬಿಗೆ ನೀರು ಹೊಯ್ದು ಇಂಗುವ ಸಮಯ ಬರೆದುಕೊಂಡು, ಬಳಿಕ ಅದೇ ಡಬ್ಬಿಯನ್ನು ದರಕು ಬಿದ್ದಿರುವ ಸೊಪ್ಪಿನ ಬೆಟ್ಟದಲ್ಲಿ ಊರಿ ಅದೇ ತಂಬಿಗೆಯ ನೀರು ಹೊಯ್ದರೆ, ಕಾಡು ನೀರನ್ನು ಹಿಡಿಯುತ್ತದೆ ಎಂಬ ನಮ್ಮ ಘೋಷಣೆ ಗಡಿಯಾರದ ಮುಳ್ಳಿನಲ್ಲಿ ಕಾಣುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಸೌಲಭ್ಯ ಕೊಟ್ಟರು. ಆ ಒಂಬತ್ತು ಎಕರೆ ಈಗ ಎಷ್ಟು ಬೋಳಾಗಿದೆ ಎಂದು ಅಳೆಯುವುದಕ್ಕೂ ಅದೇ ಡಬ್ಬಿ ಸಾಕು.

ನನ್ನ ಮುಖ್ಯ ಸೂಚನೆ ಮಳೆಗೆ ಸಂಬಂಧಿಸಿದ್ದು. ಪ್ರತಿ ಶಾಲೆಯೂ ತನ್ನದೇ ಮಳೆಮಾಪಕವನ್ನಿಟ್ಟು ದಿನವೂ ಬರೆಯಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಯಂತ್ರಗಳನ್ನು ಇಟ್ಟಿದ್ದಾರಲ್ಲ, ಮತ್ತೇಕೆ ಎಂದು ಕೇಳಬಹುದು. ಘಟ್ಟದ ಮೇಲೆ ವಾಸಿಸುವ ನಮಗೆ ಗೊತ್ತು, ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿದರೆ ಮಲೆನಾಡಿನ ಮೂಡಣ ಅಂಚಿನಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ನಡುವಿನ ಪ್ರತಿ ಕಣಿವೆಗೂ ತನ್ನದೇ ಲೆಕ್ಕವಿದೆ. ಕೇರಳದ ಮೀನಚಿಲ್ ನದಿಯ ಜಲಾನಯನದಲ್ಲಿ ಜನರು, ಶಾಲಾಮಕ್ಕಳು ಸೇರಿ ಮಳೆ ಅಳೆದು ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುವ ಕ್ರಮ ಬೆಳೆದಿದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರುಗಿ ತೋಟ, ಮನೆ, ರಸ್ತೆಗಳು ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜೀವಹಾನಿಯಾಯಿತು. ಮಳೆಮಾಪಕ ಗುಡ್ಡವನ್ನು ತಡೆಯುವುದಿಲ್ಲ. ಆದರೆ ಮೂರು ದಿನದಲ್ಲಿ ಒಟ್ಟು ಎಷ್ಟು ಬಿತ್ತು, ಇಳಿಜಾರಿನ ಒರತೆ ಇದ್ದಕ್ಕಿದ್ದಂತೆ ಕೆಂಪಾಯಿತೇ, ಹೊಸ ಬಿರುಕು ಕಂಡಿತೇ ಎಂದು ದಿನವೂ ನೋಡುವ ಅಭ್ಯಾಸವುಳ್ಳ ಒಂದು ಮಗು ಊರಿನಲ್ಲಿದ್ದರೆ ರಾತ್ರಿ ಮನೆ ಬಿಡಬೇಕೋ ಬೇಡವೋ ಎಂಬ ಮಾತಿಗೆ ಒಂದು ಆಧಾರ ಸಿಗುತ್ತದೆ.

ಈ ಪುಸ್ತಕದಿಂದ ಗಣಿತವೂ ಬರುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ದಿನಕ್ಕೆ ನೂರು ಮಿಲಿಮೀಟರ್ ಸುರಿದರೆ ಒಂದು ಎಕರೆಯ ಮೇಲೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು; ಇನ್ನೂರು ಚದರ ಮೀಟರಿನ ಶಾಲೆಯ ಮಾಡಿನ ಮೇಲೆ ಇಪ್ಪತ್ತು ಸಾವಿರ ಲೀಟರ್. ಮಾರ್ಚಿಯಲ್ಲಿ ಅದೇ ಶಾಲೆಗೆ ಟ್ಯಾಂಕರ್ ಬರುವುದಾದರೆ ಪ್ರಶ್ನೆ ಮಕ್ಕಳ ಬಾಯಿಂದಲೇ ಹುಟ್ಟುತ್ತದೆ. ಅಜ್ಜ ಅಜ್ಜಿಯರ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಲಿ. ಪ್ರತಿ ಮಳೆನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಹತ್ತು ವರ್ಷದ ಪುಸ್ತಕ ಸಿದ್ಧವಾದಾಗ ಯಾವ ಗಾದೆ ನಿಂತಿತು, ಯಾವುದು ಜರುಗಿತು ಎಂದು ಕಾಣುತ್ತದೆ. ಔಷಧಿಯ ಎರಡನೆಯ ಸುತ್ತನ್ನು ಮೊದಲನೆಯದರ ನಲವತ್ತು ನಲವತ್ತೈದು ದಿನಗಳ ಅನಂತರ ಹೊಡೆಯಬೇಕೆಂದು ನಾವು ಹೇಳುತ್ತೇವೆ. ಮಳೆ ಬಿಡದ ವರ್ಷ ಅದನ್ನು ಎಂದು ಹೊಂದಿಸುವುದು ಎಂಬ ಚರ್ಚೆಗೂ ಈ ಪುಸ್ತಕ ಬೇಕು.

ಇಲ್ಲಿ ಒಂದು ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೂಲಿಕಾರರ ಕುಟುಂಬದ ತಾಯಿಯೊಬ್ಬರು ಕೇಳಬಹುದು: “ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಮಣ್ಣಿನಲ್ಲಿಯೇ ಇದ್ದಾರೆ. ಅದರಿಂದ ಹೊರಗೆ ಬರಲಿ ಎಂದೇ ಶಾಲೆಗೆ ಕಳಿಸುತ್ತೇವೆ. ಅಲ್ಲಿಯೂ ಮಣ್ಣೇ ಕಲಿಸುತ್ತೀರಾ ಸಾರ್?” ಈ ಪ್ರಶ್ನೆ ನ್ಯಾಯವಾದದ್ದು. ದುಡಿಮೆಯೇ ಕಲಿಕೆಯಲ್ಲ. ತಲೆಮಾರುಗಟ್ಟಲೆ ದುಡಿದವರಿಗೆ ದುಡಿಮೆಯ ಘನತೆಯನ್ನು ಕುರಿತು ಉಪದೇಶಿಸುವುದು ಅವಮಾನವೂ ಹೌದು. ಶಾಲೆಯ ತೋಟದಲ್ಲಿ ಕೆಲವು ಮಕ್ಕಳು ಅಗೆಯುವುದು, ಕೆಲವರು ಪುಸ್ತಕದಲ್ಲಿ ಬರೆಯುವುದು, ಹುಡುಗಿಯರು ಕಸ ಗುಡಿಸುವುದು ಎಂಬ ಹಂಚಿಕೆ ನಡೆದರೆ ಅಂತಹ ತೋಟ ಇಲ್ಲದಿರುವುದೇ ಮೇಲು. ಕತ್ತಿ ಹಿಡಿದ ಕೈಯೇ ಸಮೀಕರಣವನ್ನು ಬರೆಯಬೇಕು. ಸಮೀಕರಣ ಬರೆಯುವ ಮಗು ಕತ್ತಿಯನ್ನು ಹಿಡಿಯಬೇಕು. ಮಳೆಪುಸ್ತಕವನ್ನು ಸರದಿಯ ಮೇಲೆ ಎಲ್ಲರೂ ಬರೆಯಬೇಕು, ಓದಿನಲ್ಲಿ ಮುಂದಿರುವವರು ಮಾತ್ರ ಅಲ್ಲ. ಕೊನೆಗೌಡರೊಬ್ಬರು ಶಾಲೆಗೆ ಬಂದು ಮರದ ಮೇಲಿಂದ ರೋಗ ಹೇಗೆ ಕಾಣುತ್ತದೆ ಎಂದು ಹೇಳುವ ದಿನ ಅವರಿಗೆ ಕುರ್ಚಿ, ಗೌರವಧನ ಎರಡೂ ಇರಬೇಕು.

ಎಚ್ಚರಿಕೆಯ ಮಾತುಗಳೂ ಇವೆ. ತುತ್ತವನ್ನು ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು. ಪ್ರಯೋಗಕ್ಕೆ ಒಂದು ಲೋಟದಷ್ಟು ದ್ರಾವಣ ಸಾಕು, ಸುಣ್ಣ ನೀರಾಗುವಾಗ ಕಾಯುವುದರಿಂದ ಅದನ್ನು ದೊಡ್ಡವರೇ ಮಾಡಬೇಕು. ಕಾಡಿನ ಪಾಠಗಳನ್ನು ಮಳೆಗಾಲ ಮತ್ತು ಅದರ ಬೆನ್ನಿಗೇ ಮುಗಿಸಿ. ಉಂಬಳ ಹತ್ತುತ್ತದೆ, ಹತ್ತಲಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗುಗಳ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಭಾಗದಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಯಾವ ಕಾರಣಕ್ಕೂ ಮಕ್ಕಳನ್ನು ಕರೆದೊಯ್ಯಬಾರದು.

ನಮ್ಮ ಚಿಕ್ಕ ಶಾಲೆಗಳು ಮಕ್ಕಳಿಲ್ಲವೆಂದು ಒಂದೊಂದಾಗಿ ಮುಚ್ಚುತ್ತಿವೆ. ಹನ್ನೆರಡು ಮಕ್ಕಳ ಶಾಲೆ ಲೆಕ್ಕದಲ್ಲಿ ನಷ್ಟ. ಬೆಟ್ಟ, ಹಳ್ಳ, ಗದ್ದೆ ಮೂರೂ ಐದು ನಿಮಿಷದ ನಡಿಗೆಯಲ್ಲಿರುವ ಶಾಲೆ ಪೇಟೆಯಲ್ಲಿ ಎಷ್ಟು ಶುಲ್ಕ ಕೊಟ್ಟರೂ ಸಿಗುವುದಿಲ್ಲ ಎಂಬುದು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. 1990ರ ದಶಕದಲ್ಲಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೀವವೈವಿಧ್ಯದ ಅಧ್ಯಯನಕ್ಕೆ ತೊಡಗಿಸಿದರು. 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲೆ ಆಗಬೇಕು. ಅದನ್ನು ಕಚೇರಿಯಲ್ಲಿ ಕುಳಿತು ತುಂಬಿಸುವುದಕ್ಕಿಂತ ಊರಿನ ಶಾಲೆಗೆ ವಹಿಸಿದರೆ ದಾಖಲೆಯೂ ನಿಜವಾಗುತ್ತದೆ, ಶಾಲೆಗೂ ಊರಿನಲ್ಲಿ ಒಂದು ಕೆಲಸವಿರುತ್ತದೆ.

ಮಳೆಮಾಪಕದ ವಿವರ ಹೇಳಿ ಮುಗಿಸುತ್ತೇನೆ, ಏಕೆಂದರೆ ಜೂನ್ ಬಹಳ ದೂರವಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಪಾತ್ರೆ ಸಾಕು. ಬಾಟಲಿಗೆ ಆಲಿಕೆ ಇಡುವುದಾದರೆ ಎರಡರ ಅಗಲವನ್ನೂ ಅಳೆಯಿರಿ. ಆಲಿಕೆಯ ವ್ಯಾಸ ಇಪ್ಪತ್ತು ಸೆಂಟಿಮೀಟರ್, ಬಾಟಲಿಯ ಒಳವ್ಯಾಸ ಹತ್ತು ಆದರೆ ನೀರಿನ ಎತ್ತರವನ್ನು ನಾಲ್ಕರಿಂದ ಭಾಗಿಸಬೇಕು. ಏಕೆ ಎರಡಲ್ಲ, ನಾಲ್ಕು ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಹೇಳಬೇಡಿ. ಅಂಚು ನೆಲದಿಂದ ಮೂವತ್ತು ಸೆಂಟಿಮೀಟರ್ ಮೇಲಿರಲಿ. ಹತ್ತಿರದ ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿರಲಿ. ನಮ್ಮ ಅಂಗಳಗಳಲ್ಲಿ ಇಂತಹ ಜಾಗ ಸಿಗುವುದು ಕಷ್ಟ, ಶಾಲೆಯ ಬಯಲೇ ಯೋಗ್ಯ. ಬೆಳಿಗ್ಗೆ ಎಂಟೂವರೆಗೆ ಅಳೆಯಿರಿ, ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಭಾರೀ ಮಳೆಗೆ ಶಾಲೆಗೆ ರಜೆ ಸಿಕ್ಕ ದಿನವೇ ಅಳತೆ ಹೆಚ್ಚು ಮುಖ್ಯ. ಆ ದಿನ ಹತ್ತಿರದ ಮನೆಯ ಹಿರಿಯರೊಬ್ಬರು ಅಳೆದು ಬರೆಯುವಂತೆ ಈಗಲೇ ಮಾತಾಡಿಕೊಳ್ಳಿ. ಮಳೆ ಬಾರದ ದಿನ ಸೊನ್ನೆ ಎಂದು ಬರೆಯಿರಿ. ಅಳೆಯಲು ಮರೆತ ದಿನ ಸೊನ್ನೆ ಬರೆಯಬೇಡಿ, ಜಾಗವನ್ನು ಖಾಲಿ ಬಿಡಿ.